ಟ್ರಯಲ್ ರೂಮ್ ಬಾಗಿಲಲ್ಲಿ ನಿಂತವರು ಯಾರನ್ನು ತಡೆಯಬೇಕು?

ಟೋಕನ್ ಕೊಡುವವಳು

ಎಲ್ಲರಿಗೂ ನಮಸ್ಕಾರ. ನಾನು ಬಟ್ಟೆ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಟ್ರಯಲ್ ರೂಮ್ ಬಾಗಿಲಲ್ಲೇ ನಿಂತಿದ್ದೆ. ಎಷ್ಟು ಪೀಸ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಎಣಿಸಿ ನಂಬರ್ ಟೋಕನ್ ಕೊಡುವ ಕೆಲಸ. ಈಗ ಒಂದು ಫ್ಲೋರ್ ನೋಡಿಕೊಳ್ಳುತ್ತೇನೆ. ಹೋದ ವಾರ ಮ್ಯಾನೇಜರ್ ಕರೆದು, ಟ್ರಾನ್ಸ್‌ಜೆಂಡರ್ ಗ್ರಾಹಕರು ಬಂದರೆ ಯಾವ ಟ್ರಯಲ್ ರೂಮ್‌ಗೆ ಕಳಿಸಬೇಕು ಅಂತ ಒಂದು ಪುಟದ ನಿಯಮ ಬರೆದುಕೊಡು ಅಂದರು.

ಒಂದೇ ತಿಂಗಳಲ್ಲಿ ಎರಡು ದೂರು ಬಂದಿದ್ದವು. ಒಂದು, ಹೆಂಗಸರ ಟ್ರಯಲ್ ರೂಮ್ ಹತ್ತಿರ "ಗಂಡಸಿನ ಥರ ಕಾಣುವವರು" ಇದ್ದರು ಅಂತ. ಇನ್ನೊಂದು, ಬೇರೆ ದಿನದ್ದು, "ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ ನೀವು ಗಂಡಾ ಹೆಣ್ಣಾ ಅಂತ ಕೇಳಿದರು" ಅಂತ. ಎರಡನ್ನೂ ಓದಿದೆ. ಎರಡರಲ್ಲೂ ಬರೆದವರ ಕೈ ನಡುಗಿತ್ತು ಅಂತ ನನಗೆ ಅನಿಸಿತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ನಾನೇ ಒಬ್ಬರನ್ನು ತಡೆದಿದ್ದೇನೆ. ಯಾರೂ ಹೇಳಿರಲಿಲ್ಲ, ನಿಯಮವೂ ಇರಲಿಲ್ಲ, ಮುಖ ನೋಡಿ ತಡೆದೆ. ಅವರು ಜಗಳ ಮಾಡಲಿಲ್ಲ. ಕೈಯಲ್ಲಿದ್ದ ಮೂರು ಡ್ರೆಸ್ಸನ್ನೂ ಹ್ಯಾಂಗರ್‌ಗೆ ಸರಿಯಾಗಿ ಹಾಕಿ, ಜಿಪ್ ಎಳೆದು, ಎಲ್ಲಿಂದ ತೆಗೆದಿದ್ದರೋ ಅಲ್ಲಿಗೇ ಇಟ್ಟು ಹೋದರು. ಒಂಬತ್ತು ವರ್ಷದಲ್ಲಿ ಬೇರೆ ಯಾವ ಗ್ರಾಹಕರೂ ಹಾಗೆ ಇಟ್ಟು ಹೋದದ್ದು ನಾನು ನೋಡಿಲ್ಲ. ಅದು ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಈ ನಿಯಮವನ್ನು ಸುಮ್ನೆ ಎಲ್ಲಿಂದಲೋ ನಕಲು ಮಾಡಿ ಕೊಡಲು ಇಷ್ಟವಿಲ್ಲ. ನಿಮ್ಮ ಅಭಿಪ್ರಾಯ ಬೇಕು. ದಯವಿಟ್ಟು ಬೈಗುಳ ಬೇಡ.

ಮೂವರು ಹೆಣ್ಣುಮಕ್ಕಳ ಅಮ್ಮ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ದೊಡ್ಡ ಮಗಳಿಗೆ ಹದಿಮೂರು. ಈಗ ಅವಳು ನನ್ನನ್ನೂ ಒಳಗೆ ಬಿಡುವುದಿಲ್ಲ, ಹೊರಗೆ ನಿಂತಿರು ಅನ್ನುತ್ತಾಳೆ. ಅಂದರೆ ಆ ಪರದೆಯ ಹಿಂದೆ ಅವಳು ಒಬ್ಬಳೇ. ಪಕ್ಕದ ಪರದೆಯ ಹಿಂದೆ ಯಾರಿದ್ದಾರೆ ಅನ್ನುವುದು ನನಗೆ ಮುಖ್ಯ.

ಟ್ರಾನ್ಸ್ ಜನರ ಬಗ್ಗೆ ನನಗೆ ಭಯವಿಲ್ಲ. ನನ್ನ ಭಯ ಬೇರೆ. "ಯಾರು ತಮ್ಮನ್ನು ಏನು ಅಂತ ಹೇಳಿಕೊಳ್ಳುತ್ತಾರೋ ಆ ರೂಮಿಗೆ ಹೋಗಬಹುದು" ಅಂತ ನೀವು ಬರೆದರೆ, ಕೆಟ್ಟ ಉದ್ದೇಶದ ಗಂಡಸು ಬಂದು ಅದೇ ಮಾತು ಹೇಳಿದರೆ ಬಾಗಿಲಲ್ಲಿ ನಿಂತ ಹುಡುಗಿ ಏನು ಮಾಡುತ್ತಾಳೆ? ಕೇಳಿದರೆ ಅವಮಾನ ಮಾಡಿದ ಹಾಗೆ, ಕೇಳದಿದ್ದರೆ ಒಳಗೆ ಬಿಟ್ಟ ಹಾಗೆ. ಈ ಪ್ರಶ್ನೆಗೆ ಉತ್ತರ ಕೊಡದೆ ನಿಯಮ ಬರೆಯಬೇಡಿ. ಇಷ್ಟು ಕೇಳಿದ್ದಕ್ಕೇ ನಾನು ದ್ವೇಷ ಮಾಡುವವಳು ಅಂತ ಹೇಳುವವರಿದ್ದರೆ, ಅವರಿಗೆ ನಾನು ಉತ್ತರ ಕೊಡುವುದಿಲ್ಲ.

ಹಳೆ ಪತ್ರಿಕೆ

ಅಕ್ಕ, ನಿಮ್ಮ ಪ್ರಶ್ನೆ ಸರಿಯಾದದ್ದೇ. ಇದನ್ನೇ ಇಟ್ಟುಕೊಂಡು ಬೇರೆ ಕಡೆ ದೊಡ್ಡ ಜಗಳವೇ ನಡೆದಿದೆ, ಅಲ್ಲಿ ಏನಾಯಿತು ಅಂತ ನೋಡಿದರೆ ನಮಗೆ ಸ್ವಲ್ಪ ಸುಲಭ ಆಗಬಹುದು.

2016ರ ಏಪ್ರಿಲ್ 19ರಂದು ಅಮೆರಿಕದ ಟಾರ್ಗೆಟ್ ಕಂಪನಿ, ಗ್ರಾಹಕರೂ ಕೆಲಸದವರೂ ತಮ್ಮ ಲಿಂಗ ಗುರುತಿಗೆ ಹೊಂದುವ ಶೌಚಾಲಯ ಮತ್ತು ಟ್ರಯಲ್ ರೂಮ್ ಬಳಸಬಹುದು ಎಂದು ಬಹಿರಂಗವಾಗಿ ಹೇಳಿತು. ಅಮೆರಿಕನ್ ಫ್ಯಾಮಿಲಿ ಅಸೋಸಿಯೇಷನ್ ಎಂಬ ಸಂಘಟನೆ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಆಗಸ್ಟ್‌ನಲ್ಲಿ ಕಂಪನಿ, 2 ಕೋಟಿ ಡಾಲರ್ ಖರ್ಚು ಮಾಡಿ ಎಲ್ಲ ಅಂಗಡಿಗಳಲ್ಲೂ ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಶೌಚಾಲಯ ಮಾಡುತ್ತೇವೆ ಎಂದಿತು. ನಿಯಮ ಹಿಂದಕ್ಕೆ ತೆಗೆಯಲಿಲ್ಲ, ಬಾಗಿಲು ಕಟ್ಟಿಸಿದರು. ಇದನ್ನು ಗಮನಿಸಿ.

ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಬಂದ ಎಚ್‌ಬಿ2 ಕಾನೂನನ್ನು ಜನ ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಜನನ ಪ್ರಮಾಣಪತ್ರದಲ್ಲಿರುವ ಲಿಂಗದ ಪ್ರಕಾರವೇ ಶೌಚಾಲಯಕ್ಕೆ ಹೋಗಬೇಕು ಎಂದಿತ್ತು. ಆದರೆ ಆ ಭಾಗ ಸರ್ಕಾರಿ ಕಟ್ಟಡ ಮತ್ತು ಸರ್ಕಾರಿ ಶಾಲೆಗಳಿಗೆ ಮಾತ್ರ. ಖಾಸಗಿ ಅಂಗಡಿಗಳು ತಮ್ಮ ನಿಯಮ ತಾವೇ ಮಾಡಬಹುದಿತ್ತು. ಒಂದು ವರ್ಷದಲ್ಲಿ ಆ ಭಾಗವನ್ನು ಅವರೇ ರದ್ದು ಮಾಡಿದರು.

ಈಗ ಅಪಾಯದ ಪ್ರಶ್ನೆ. ಅಮೆರಿಕದ ಇನ್ನೊಂದು ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಕೆಲವು ಊರುಗಳಲ್ಲಿ ಟ್ರಾನ್ಸ್ ಜನರಿಗೆ ಅವಕಾಶ ಕೊಡುವ ಸ್ಥಳೀಯ ಕಾನೂನಿತ್ತು, ಕೆಲವು ಊರುಗಳಲ್ಲಿ ಇರಲಿಲ್ಲ. ಇಂಥ ಕಾನೂನುಗಳ ಬಗ್ಗೆ ಅಧ್ಯಯನ ಮಾಡುವ ವಿಲಿಯಮ್ಸ್ ಇನ್‌ಸ್ಟಿಟ್ಯೂಟ್‌ನವರು ಎರಡೂ ಥರದ ಊರುಗಳ ಪೊಲೀಸ್ ದಾಖಲೆ ತೆಗೆದು, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಕೋಣೆಗಳಲ್ಲಿ ನಡೆದ ಅಪರಾಧಗಳನ್ನು ಹೋಲಿಸಿದರು. 2018ರಲ್ಲಿ ಪ್ರಕಟವಾಯಿತು. ಕಾನೂನು ಬಂದಿದ್ದರಿಂದ ಅಪರಾಧ ಜಾಸ್ತಿಯಾದದ್ದು ಕಾಣಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಇಡೀ ರಾಜ್ಯದ ಕಾನೂನನ್ನು ಉಳಿಸಬೇಕೇ ಎಂದು ಜನರ ಮತಕ್ಕೆ ಹಾಕಿದರು. ಮೂರರಲ್ಲಿ ಎರಡು ಪಾಲಿನಷ್ಟು ಜನ ಉಳಿಸಿ ಅಂದರು.

ಮೂವರು ಹೆಣ್ಣುಮಕ್ಕಳ ಅಮ್ಮ

ಪೊಲೀಸ್ ದಾಖಲೆ ಅಂತ ಹೇಳುತ್ತಿದ್ದೀರಿ. ಟ್ರಯಲ್ ರೂಮ್‌ನಲ್ಲಿ ಯಾರೋ ಇಣುಕಿದರು ಅಂತ ಎಷ್ಟು ಜನ ಹೆಂಗಸರು ಪೊಲೀಸರ ಹತ್ತಿರ ಹೋಗುತ್ತಾರೆ? ನಾನು ಹೋಗುವುದಿಲ್ಲ. ಬಟ್ಟೆ ಅಲ್ಲೇ ಬಿಟ್ಟು ಮನೆಗೆ ಬರುತ್ತೇನೆ. ದಾಖಲೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಆಗಿಲ್ಲ ಅಂತ ಅಲ್ಲ, ಅಲ್ವಾ?

ಹಳೆ ಪತ್ರಿಕೆ

ಒಪ್ಪುತ್ತೇನೆ. ದೂರು ಕೊಡದವರೇ ಜಾಸ್ತಿ ಇರಬಹುದು. ಆದರೆ ದೂರು ಕೊಡದಿರುವುದು ಎರಡೂ ಥರದ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರಬಹುದು. ಹಾಗಾಗಿ ಹೋಲಿಕೆಗೆ ಬೆಲೆ ಇದೆ.

ನಿಮ್ಮ ಪರವಾಗಿ ಇರುವುದನ್ನೂ ಮುಚ್ಚಿಡುವುದಿಲ್ಲ. 2016ರ ಜುಲೈನಲ್ಲಿ ಅಮೆರಿಕದ ಐಡಾಹೋ ರಾಜ್ಯದ ಒಂದು ಟಾರ್ಗೆಟ್ ಅಂಗಡಿಯಲ್ಲಿ, ಟ್ರಯಲ್ ರೂಮ್‌ನಲ್ಲಿದ್ದ ಹೆಂಗಸಿನ ಚಿತ್ರ ತೆಗೆದ ಆರೋಪದ ಮೇಲೆ ಒಬ್ಬರ ಬಂಧನ ಆಯಿತು, ಆ ವ್ಯಕ್ತಿ ಟ್ರಾನ್ಸ್‌ಜೆಂಡರ್ ಎಂದೇ ವರದಿಯಾಯಿತು. ಪಾರ್ಟಿಷನ್ ಮೇಲಿಂದ ಫೋನ್ ಚಾಚಿದ್ದರು. ಅಂಥದ್ದು ಎಂದೂ ಆಗಿಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ.

ನೀಲಿ ದುಪಟ್ಟಾ

ಮೇಲಿನದೆಲ್ಲ ಓದಿದೆ. ನಾನು ಟ್ರಾನ್ಸ್ ಮಹಿಳೆ, ಹುಟ್ಟಿದಾಗ ಗಂಡು ಅಂತ ಬರೆಸಿದ್ದರು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನು ಹೇಗೆ ಬಟ್ಟೆ ತೆಗೆದುಕೊಳ್ಳುತ್ತೇನೆ ಅಂತ ಹೇಳುತ್ತೇನೆ, ಅದರಿಂದ ಏನಾದರೂ ಗೊತ್ತಾಗಬಹುದು. ಮನೆಯಿಂದ ಹೊರಡುವಾಗಲೇ ಮೈಗೆ ಅಂಟುವ ತೋಳಿಲ್ಲದ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿಕೊಂಡು, ಮೇಲೆ ಸಡಿಲ ಬಟ್ಟೆ ಹಾಕಿಕೊಳ್ಳುತ್ತೇನೆ. ಅಂಗಡಿಯಲ್ಲಿ ಮೂಲೆಯ ಕನ್ನಡಿ ಹುಡುಕಿ ಅದರ ಮುಂದೆ ಮೇಲಿಂದ ಮೇಲೆ ಹಾಕಿ ನೋಡುತ್ತೇನೆ. ಪ್ಯಾಂಟ್ ಹಾಗೆ ನೋಡಲು ಆಗುವುದಿಲ್ಲ, ಅದನ್ನು ಟೇಪ್ ಹಿಡಿದು ಸೊಂಟ ಅಳೆದು ತೆಗೆದುಕೊಳ್ಳುತ್ತೇನೆ. ನನ್ನ ಭುಜ ಅಗಲ. ಹೆಂಗಸರ ಅಳತೆಯಲ್ಲಿ ಭುಜಕ್ಕೆ ಸರಿಯಾದದ್ದು ಸೊಂಟಕ್ಕೆ ಜಾಸ್ತಿ ಸಡಿಲ. ಅಂದರೆ ಹಾಕಿ ನೋಡುವುದು ಬೇರೆ ಎಲ್ಲರಿಗಿಂತ ನನಗೇ ಜಾಸ್ತಿ ಬೇಕು. ಆದರೆ ಹಾಕಿ ನೋಡದೆ ತೆಗೆದುಕೊಳ್ಳುವವಳೂ ನಾನೇ. ಮೂರು ತಂದರೆ ಎರಡು ವಾಪಸ್. ವಾಪಸ್ ಕೊಡುವ ಕೌಂಟರ್‌ನಲ್ಲಿ, "ಹಾಕಿ ನೋಡಿ ತಗೋಬಾರದಿತ್ತಾ ಮೇಡಂ" ಅಂತ ಕೇಳುತ್ತಾರೆ.

ಅಮ್ಮನವರು ಕೇಳಿದ ಪ್ರಶ್ನೆ ನನಗೆ ಅರ್ಥವಾಗುತ್ತದೆ. ನನಗೆ ಗಂಡಸರ ಟ್ರಯಲ್ ರೂಮ್‌ನಲ್ಲಿ ಇರುವ ಭಯವೂ ಅದೇ. ಒಮ್ಮೆ ಅಲ್ಲಿಗೇ ಕಳಿಸಿದರು, ಹೋದೆ. ಹೊರಗೆ ಇಬ್ಬರು ನಿಂತು ಪರದೆ ಎಳೆಯುತ್ತೇನೆ ನೋಡು ಅಂತ ನಗುತ್ತಿದ್ದರು. ಒಳಗೆ ಒಂದು ಕೈಯಲ್ಲಿ ಪರದೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಟ್ಟೆ ಹಾಕಿಕೊಂಡು ಬಂದೆ.

ಒಂದು ಕೋರಿಕೆ. "ಟ್ರಾನ್ಸ್‌ಜೆಂಡರ್‌ಗೆ" ಅಂತ ಬೋರ್ಡ್ ಹಾಕಿ ಬೇರೆ ರೂಮ್ ಮಾಡಬೇಡಿ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಇದನ್ನು ಹೇಳುತ್ತಾರೆ. ಅದರ ಬಾಗಿಲು ತೆಗೆಯುವುದು ಎಂದರೆ ಇಡೀ ಅಂಗಡಿಗೆ ಕೂಗಿ ಹೇಳಿದ ಹಾಗೆ. ಮತ್ತೆ "ತೃತೀಯ ಲಿಂಗಿ" ಅನ್ನುವ ಪದವನ್ನೂ ನಿಯಮದಲ್ಲಿ ಬರೆಯಬೇಡಿ. ನಾನು ಮೂರನೆಯದಲ್ಲ, ಹೆಣ್ಣು.

ಕಿಟಕಿ ಪಕ್ಕದ ಸೀಟು

ನನ್ನದು ಸ್ವಲ್ಪ ಬೇರೆ ಮಾತು. ಹಿಂದೆ ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದಾದ ಮೇಲೆ, ಬಟ್ಟೆ ಬಿಚ್ಚಿ ನಿಂತಿರುವಾಗ ಹತ್ತಿರದಲ್ಲಿ ಗಂಡು ದನಿ ಕೇಳಿದರೆ ನನ್ನ ಉಸಿರು ನಿಲ್ಲುತ್ತದೆ. ಆ ದನಿ ಯಾರದು, ಅವರು ಒಳ್ಳೆಯವರಾ, ಟ್ರಾನ್ಸಾ, ಹೆಂಡತಿಗೆ ಕಾಯುತ್ತಿರುವ ಗಂಡನಾ, ಅದೆಲ್ಲ ಯೋಚಿಸುವಷ್ಟು ಹೊತ್ತು ಮೈ ಕಾಯುವುದಿಲ್ಲ.

ನೀಲಿ ದುಪಟ್ಟಾ ಅವರೇ, ನಿಮ್ಮ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ನೀವು ಪರದೆ ಹಿಡಿದು ನಿಂತದ್ದು ಓದಿ ಕಣ್ಣಲ್ಲಿ ನೀರು ಬಂತು, ಯಾಕೆಂದರೆ ನಾನೂ ಹಾಗೇ ಹಿಡಿದು ನಿಲ್ಲುತ್ತೇನೆ. ಆದರೆ ಈ ಚರ್ಚೆ ಎಲ್ಲಿ ನಡೆದರೂ ನನ್ನಂಥವರ ಭಯವನ್ನು "ಅದು ನಿನ್ನ ತಲೆಯಲ್ಲಿ ಇರುವುದು" ಅಂತ ಬದಿಗೆ ತಳ್ಳುತ್ತಾರೆ. ಹೌದು, ತಲೆಯಲ್ಲೇ ಇದೆ. ಅಲ್ಲಿಗೆ ಅದು ಸುಮ್ನೆ ಬರಲಿಲ್ಲ. ನನಗೆ ಹೆಂಗಸರಿಗೆ ಮಾತ್ರ ಇರುವ ಜಾಗ ಬೇಕು ಅನಿಸುತ್ತದೆ. ಅದು ನಿಮ್ಮನ್ನು ಹೊರಗೆ ಹಾಕುವ ಮಾತಾಗುತ್ತದಾ ಅಂತ ನನಗೆ ಗೊತ್ತಿಲ್ಲ, ಆಗುತ್ತದೆ ಅಂತಾದರೆ ಕ್ಷಮಿಸಿ, ಆದರೂ ಬೇಕು ಅನಿಸುತ್ತದೆ.

ನೀಲಿ ದುಪಟ್ಟಾ

ಕ್ಷಮೆ ಕೇಳಬೇಡಿ. ನನ್ನ ದನಿ ಗಟ್ಟಿ. ಅದಕ್ಕೇ ಅಂಗಡಿಯಲ್ಲಿ ನಾನು ಮಾತೇ ಆಡುವುದಿಲ್ಲ, ಅಳತೆಯನ್ನು ಬೆರಳಲ್ಲಿ ತೋರಿಸುತ್ತೇನೆ. ನಿಮಗೆ ನನ್ನಿಂದ ಭಯ ಆಗಬಹುದು ಅಂತ ನನಗೆ ಮೊದಲಿಂದಲೂ ಗೊತ್ತು. ಅದನ್ನು ಹೊತ್ತುಕೊಂಡೇ ಓಡಾಡುತ್ತೇನೆ.

ಈಜು ಬರದವ

ಹಳೆ ಪತ್ರಿಕೆ ಅವರು ಹೇಳದ ಒಂದು ಲೆಕ್ಕ ಇದೆ. 2018ರಲ್ಲಿ ಬ್ರಿಟನ್‌ನ ಸಂಡೇ ಟೈಮ್ಸ್ ಪತ್ರಿಕೆ, ಈಜುಕೊಳ ಮತ್ತು ಕ್ರೀಡಾ ಕೇಂದ್ರಗಳ ಬಟ್ಟೆ ಬದಲಿಸುವ ಕೋಣೆಗಳಲ್ಲಿ ನಡೆದ ಕಿರುಕುಳ, ಇಣುಕುವುದು, ಹಲ್ಲೆಗಳ ದೂರು ಎಷ್ಟು ಅಂತ ಮಾಹಿತಿ ಕೇಳಿ ಪಡೆಯಿತು. 134 ದೂರುಗಳಲ್ಲಿ 120 ಗಂಡು ಹೆಣ್ಣು ಎಲ್ಲರೂ ಬಳಸುವ ಜಾಗದಲ್ಲಿ ಆದವು. ಹಾಗಾಗಿ ಎಲ್ಲರಿಗೂ ಒಂದೇ ಮಾಡಿಬಿಡಿ, ಜಗಳವೇ ಇರುವುದಿಲ್ಲ ಅಂತ ಹೇಳುವವರು ಇದನ್ನು ನೋಡಬೇಕು.

ಹಳೆ ಪತ್ರಿಕೆ

ಆ ಲೆಕ್ಕ ಗೊತ್ತಿದೆ, ನೆನಪಿಸಿದ್ದು ಒಳ್ಳೆಯದು. ಆದರೆ ಅದು ಟ್ರಾನ್ಸ್ ಜನರ ಬಗ್ಗೆ ಇರುವ ಲೆಕ್ಕ ಅಲ್ಲ, ಎಲ್ಲರಿಗೂ ತೆರೆದ ಜಾಗದ ಲೆಕ್ಕ. ಅದರಿಂದ ನನಗೆ ಕಾಣುವುದು ಇಷ್ಟು: ಬೋರ್ಡ್ ಮಾತ್ರ ಬದಲಿಸಿ, ಒಳಗಿನ ಸಂದು, ಪರದೆ, ಗಿಡ್ಡ ಪಾರ್ಟಿಷನ್ ಹಾಗೇ ಬಿಟ್ಟರೆ ಅಪಾಯ ಜಾಸ್ತಿ. ನೀವು ಹೇಳಿದ್ದು ಆ ಮಟ್ಟಿಗೆ ಪೂರ್ತಿ ಸರಿ.

ಉಳಿ ಮತ್ತು ರಂಪ

ನಾನು ಬಡಗಿ. ಅಂಗಡಿಗಳ ಒಳಗಿನ ಕೆಲಸ ಮಾಡುತ್ತೇನೆ, ಟ್ರಯಲ್ ರೂಮ್ ನೂರಕ್ಕೂ ಮೇಲೆ ಮಾಡಿರಬಹುದು. ನೀವೆಲ್ಲ ಬೋರ್ಡ್ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಬಾಗಿಲೇ ಕಾಣುತ್ತದೆ. ಹಳೆ ಪತ್ರಿಕೆ ಅವರು ಸಂದಿನ ವಿಷಯಕ್ಕೆ ಬಂದರು ಅಂತ ಬರೆಯುತ್ತಿದ್ದೇನೆ.

ಕೆಳಗೆ ಒಂದಡಿ, ಮೇಲೆ ಎರಡಡಿ ಸಂದು ಬಿಡಿ ಅಂತ ಅಂಗಡಿಯವರೇ ಹೇಳುತ್ತಾರೆ. ಕಾರಣ ಇದೆ. ಒಂದೇ ಲೈಟಿನಲ್ಲಿ ನಾಲ್ಕು ರೂಮಿಗೆ ಬೆಳಕು ಆಗುತ್ತದೆ. ಗಾಳಿಗೆ ಬೇರೆ ವ್ಯವಸ್ಥೆ ಬೇಡ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಎಲ್ಲದಕ್ಕೂ ಸೇರಿ ಸಾಕಾಗುತ್ತದೆ. ಕಾಲು ನೋಡಿ ಒಳಗೆ ಎಷ್ಟು ಜನ ಅಂತ ಹೇಳಬಹುದು, ಯಾರಾದರೂ ತಲೆ ಸುತ್ತಿ ಬಿದ್ದರೆ ಕಾಣುತ್ತದೆ, ಬಟ್ಟೆ ಕದಿಯುವವರಿಗೂ ಸ್ವಲ್ಪ ಹೆದರಿಕೆ. ಗುಡಿಸುವುದೂ ಸುಲಭ. ಇವೆಲ್ಲ ಅಂಗಡಿಯ ಅನುಕೂಲ. ಒಳಗೆ ನಿಂತವರ ಅನುಕೂಲ ಒಂದೂ ಇಲ್ಲ.

ನೆಲದಿಂದ ಛಾವಣಿಯವರೆಗೆ ಗೋಡೆ, ಗಟ್ಟಿ ಬಾಗಿಲು, ಒಳಗಿನಿಂದ ಚಿಲಕ. ಹೀಗೆ ಮಾಡಿದರೆ ಪ್ರತಿ ರೂಮಿಗೆ ಬೇರೆ ಲೈಟು, ಬೇರೆ ಗಾಳಿ ದಾರಿ, ಬೇರೆ ಸ್ಪ್ರಿಂಕ್ಲರ್ ಬೇಕು. ಚಿಲಕ ಹಾಕಿದರೆ ಹೊರಗೆ ಕೆಂಪು ಕಾಣಬೇಕು, ರೈಲಿನ ಶೌಚಾಲಯದ ಹಾಗೆ, ಆಗ ಯಾರೂ ಬಾಗಿಲು ತಳ್ಳುವುದಿಲ್ಲ. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಯಾರಾದರೂ ಬಿದ್ದಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಚ್ಚುವ ಚಿಲಕ ಸಿಗುತ್ತದೆ, ಅದು ತುರ್ತಿಗೆ. ಖರ್ಚು ಜಾಸ್ತಿ, ಸುಳ್ಳು ಹೇಳುವುದಿಲ್ಲ. ಆದರೆ ಐಡಾಹೋದ ಆ ಘಟನೆ ಓದಿದಾಗ ನನಗೆ ಮೊದಲು ಅನಿಸಿದ್ದು, ಅಲ್ಲಿ ಗೋಡೆ ಮೇಲಿನವರೆಗೆ ಇದ್ದಿದ್ದರೆ ಫೋನ್ ಚಾಚಲು ಜಾಗವೇ ಇರುತ್ತಿರಲಿಲ್ಲ ಅಂತ.

ಟೋಕನ್ ಕೊಡುವವಳು

ಬಡಗಿ ಅಣ್ಣ, ನೀವು ಹೇಳದ ಒಂದು ನಾನು ಸೇರಿಸುತ್ತೇನೆ. ಕನ್ನಡಿ. ಎಷ್ಟೋ ಅಂಗಡಿಯಲ್ಲಿ ದೊಡ್ಡ ಕನ್ನಡಿ ಹೊರಗೆ ಓಣಿಯಲ್ಲಿ ಇರುತ್ತದೆ. ಒಳಗೆ ಹಾಕಿಕೊಂಡವರು ಅರ್ಧ ಗುಂಡಿ ಹಾಕಿ, ಬೆನ್ನಿನ ಜಿಪ್ ಬಿಟ್ಟುಕೊಂಡು, ಹೊರಗೆ ಬಂದು ನೋಡಬೇಕು. ನಾನು ನಿಂತಿದ್ದ ನಾಲ್ಕು ವರ್ಷದಲ್ಲಿ ಮುಜುಗರ, ಜಗಳ, ಗುರಾಯಿಸುವುದು, ಎಲ್ಲ ಆಗುತ್ತಿದ್ದದ್ದು ಆ ಓಣಿಯ ಕನ್ನಡಿಯ ಮುಂದೆ. ಕೋಣೆಯ ಒಳಗೆ ಅಲ್ಲ. ಒಳಗೇ ಪೂರ್ತಿ ಅಳತೆಯ ಕನ್ನಡಿ ಇದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮತ್ತೆ, ಹೆಂಗಸರ ಕಡೆ ಗಂಡಸರು ಬರುವುದೇ ಇಲ್ಲ ಅಂತ ನಾವು ಅಂದುಕೊಂಡಿದ್ದೇವೆ. ದಿನವೂ ಬರುತ್ತಾರೆ. ತಾಯಿ ಇಲ್ಲದೆ ಅಪ್ಪನ ಜೊತೆ ಬಂದ ಎಂಟು ವರ್ಷದ ಹುಡುಗಿ. ಪಾರ್ಶ್ವವಾಯು ಆದ ಹೆಂಡತಿಗೆ ಬಟ್ಟೆ ಹಾಕಿಸಲು ಬಂದ ಗಂಡ. ವಯಸ್ಸಾದ ತಾಯಿಯ ಜೊತೆ ಮಗ. ಇವರನ್ನು ಎಲ್ಲಿಗೆ ಕಳಿಸಬೇಕು ಅಂತಲೂ ಯಾವ ನಿಯಮದಲ್ಲೂ ಇರಲಿಲ್ಲ. ವೀಲ್‌ಚೇರ್‌ಗೆ ಅಂತ ಮಾಡಿದ ದೊಡ್ಡ ರೂಮಿಗೆ ಕಳಿಸುತ್ತಿದ್ದೆ. ಅದಕ್ಕೆ ಗಟ್ಟಿ ಬಾಗಿಲು, ಒಳಗೆ ಕನ್ನಡಿ, ಕೂರಲು ಬೆಂಚು, ಎಲ್ಲ ಇತ್ತು. ಒಂದು ದಿನವೂ ಅದರ ಬಗ್ಗೆ ದೂರು ಬರಲಿಲ್ಲ.

ಸಣ್ಣ ಕೂದಲು

ಈ ಚರ್ಚೆಯಲ್ಲಿ ಮುಖ ನೋಡಿ ತಡೆಯುವುದರ ಬಗ್ಗೆ ಒಬ್ಬರೂ ಸರಿಯಾಗಿ ಮಾತಾಡಿಲ್ಲ. ನಾನು ಹುಟ್ಟಿನಿಂದ ಹೆಣ್ಣು. ಎರಡು ಮಕ್ಕಳು. ಮೂರು ವರ್ಷದ ಹಿಂದೆ ಕ್ಯಾನ್ಸರ್ ಆಗಿ ಕಿಮೋ ತೆಗೆದುಕೊಂಡೆ. ಕೂದಲು, ಹುಬ್ಬು ಎಲ್ಲ ಹೋಗಿತ್ತು, ಒಂದು ಸ್ತನವೂ ತೆಗೆದಿದ್ದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಹೊಸ ಬಟ್ಟೆ ತಗೋ ಅಂತ ತಂಗಿ ಕರೆದುಕೊಂಡು ಹೋದಳು. ಟ್ರಯಲ್ ರೂಮ್ ಬಾಗಿಲಲ್ಲಿ, "ಸರ್, ಜೆಂಟ್ಸ್ ಆ ಕಡೆ" ಅಂದರು. ತಂಗಿ ಜೋರು ಮಾಡಿದಳು. ನನಗೆ ಜೋರು ಮಾಡುವ ಶಕ್ತಿಯೂ ಇರಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ತಿರುಗಿ ನನ್ನ ಎದೆ ನೋಡಿದರು. ಆ ನೋಟ ಮರೆಯುವುದಿಲ್ಲ.

ಮೂವರು ಹೆಣ್ಣುಮಕ್ಕಳ ಅಮ್ಮ ಅವರಿಗೆ ಹೇಳುತ್ತೇನೆ, ಸಿಟ್ಟಿನಿಂದ ಅಲ್ಲ. ಹುಟ್ಟಿದ ಲಿಂಗದ ಪ್ರಕಾರ ಅಂತ ನಿಯಮ ಬರೆದರೂ, ಬಾಗಿಲಲ್ಲಿ ನಿಂತವರ ಕೈಯಲ್ಲಿ ಹುಟ್ಟಿನ ದಾಖಲೆ ಇರುವುದಿಲ್ಲ. ಅವರ ಕೈಯಲ್ಲಿ ಇರುವುದು ಎರಡು ಕಣ್ಣು. ಆ ಕಣ್ಣು ನನ್ನನ್ನು ಗಂಡಸು ಅಂದಿತು. ನಾಳೆ ನಿಮ್ಮ ಮಗಳು ಕೂದಲು ಕತ್ತರಿಸಿಕೊಂಡು, ಅಗಲ ಶರ್ಟ್ ಹಾಕಿಕೊಂಡು ಬಂದರೆ ಅವಳನ್ನೂ ಅನ್ನಬಹುದು.

ಗಡ್ಡ ಇರುವವ

ನಾನು ಟ್ರಾನ್ಸ್ ಪುರುಷ, ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ದರು. ನಮ್ಮ ಬಗ್ಗೆ ಯಾರೂ ಮಾತೇ ಆಡುವುದಿಲ್ಲ, ಅದಕ್ಕೆ ಚಿಕ್ಕದಾಗಿ ಬರೆಯುತ್ತೇನೆ. ಹಾರ್ಮೋನ್ ಶುರು ಮಾಡಿ ಆರು ವರ್ಷ. ಪೂರ್ತಿ ಗಡ್ಡ, ಗಡಸು ದನಿ, ತಲೆಯ ಮುಂದೆ ಕೂದಲು ಉದುರುತ್ತಿದೆ. ಹುಟ್ಟಿದ ಲಿಂಗದ ಪ್ರಕಾರ ಅಂತ ನಿಯಮ ಬಂದರೆ ನಾನು ಹೆಂಗಸರ ಟ್ರಯಲ್ ರೂಮ್‌ಗೆ ಹೋಗಬೇಕು. ಕಿಟಕಿ ಪಕ್ಕದ ಸೀಟು ಅವರೇ, ನಾನು ಅಲ್ಲಿಗೆ ಬಂದರೆ ನಿಮಗೆ ಏನಾಗುತ್ತದೆ ಅಂತ ಯೋಚಿಸಿ ನೋಡಿ. ನಿಮ್ಮನ್ನು ಕಾಪಾಡಲು ಬರೆದ ನಿಯಮ ನನ್ನನ್ನು ನಿಮ್ಮ ಪಕ್ಕಕ್ಕೇ ಕಳಿಸುತ್ತದೆ. ನನಗೆ ಅದು ಬೇಡ.

ಕಿಟಕಿ ಪಕ್ಕದ ಸೀಟು

ಇದು ನನಗೆ ಹೊಳೆದೇ ಇರಲಿಲ್ಲ. ಯೋಚಿಸುತ್ತೇನೆ.

ಕಾನೂನು ಪುಸ್ತಕ

ಒಂದೆರಡು ಕಾನೂನಿನ ವಿಷಯ, ಯಾಕೆಂದರೆ ನಿಯಮ ಬರೆಯುವವರಿಗೆ ಬೇಕಾಗುತ್ತದೆ. ಭಾರತದಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ, ವ್ಯಕ್ತಿಗೆ ತನ್ನ ಲಿಂಗ ಗುರುತನ್ನು ತಾನೇ ಹೇಳುವ ಹಕ್ಕಿದೆ ಎಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 3ನೇ ಸೆಕ್ಷನ್, ಸಾರ್ವಜನಿಕರಿಗೆ ಸಿಗುವ ಸರಕು, ಸೇವೆ, ಸೌಲಭ್ಯವನ್ನು ಅವರಿಗೆ ನಿರಾಕರಿಸಬಾರದು ಎನ್ನುತ್ತದೆ. ಆದರೆ ಟ್ರಯಲ್ ರೂಮ್ ಎಂಬ ಪದ ಅದರಲ್ಲಿಲ್ಲ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ "ಹೆಣ್ಣು" ಎಂದರೆ ಜೈವಿಕ ಲಿಂಗ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 16ರಂದು ಹೇಳಿತು, ಐವರು ನ್ಯಾಯಾಧೀಶರೂ ಒಮ್ಮತದಿಂದ. ಅದೇ ತೀರ್ಪಿನಲ್ಲಿ ಟ್ರಾನ್ಸ್ ಜನರಿಗೆ ತಾರತಮ್ಯದ ವಿರುದ್ಧ ರಕ್ಷಣೆ ಹಾಗೇ ಇದೆ, ಇದನ್ನು ಒಂದು ಗುಂಪಿನ ಗೆಲುವು ಅಂತ ಓದಬೇಡಿ ಎಂದೂ ಹೇಳಿದರು. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನೇ ಹಂಚಿಕೊಂಡರು. ಅದು ನನಗೆ ಬೇಸರ ತಂದಿತು.

ಇನ್ನು ಬಾಗಿಲಲ್ಲಿ ನಿಲ್ಲುವ ಕೆಲಸದವರ ವಿಷಯ. 2011ರ ಕೊನೆಯಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮೇಸೀಸ್ ಅಂಗಡಿಯ ಕೆಲಸದವರೊಬ್ಬರು ಟ್ರಾನ್ಸ್ ಗ್ರಾಹಕರನ್ನು ಹೆಂಗಸರ ಟ್ರಯಲ್ ರೂಮ್‌ನಿಂದ ತಡೆದರು. ತನ್ನ ಧಾರ್ಮಿಕ ನಂಬಿಕೆ ಒಪ್ಪುವುದಿಲ್ಲ ಎಂದರು. ಅವರ ಕೆಲಸ ಹೋಯಿತು. ಕಂಪನಿಯ ನಿಯಮ ಮೇಲೆ ಕುಳಿತವರು ಮಾಡಿದ್ದು, ಕೆಲಸ ಹೋದದ್ದು ಬಾಗಿಲಲ್ಲಿ ನಿಂತವರದ್ದು. ಅವರು ಮಾಡಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೂ ಟೋಕನ್ ಅಕ್ಕ, ನೀವು ಬರೆಯುವ ನಿಯಮ ಆ ಸ್ಥಾನದಲ್ಲಿ ನಿಂತವರ ತಲೆಯ ಮೇಲೆ ತೀರ್ಪಿನ ಭಾರ ಹಾಕದಿರಲಿ.

ಮೂವರು ಹೆಣ್ಣುಮಕ್ಕಳ ಅಮ್ಮ

ಎಲ್ಲ ಓದಿದೆ. ಸಣ್ಣ ಕೂದಲು ಅವರೇ, ನಿಮಗೆ ಆದದ್ದು ಆಗಬಾರದಿತ್ತು. ರಾತ್ರಿ ಮಗಳಿಗೆ ಓದಿ ಹೇಳಿದೆ.

ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ, ಆದರೆ ಸ್ವಲ್ಪ ಬದಲಾಗಿದೆ. ಪಕ್ಕದಲ್ಲಿ ಯಾರು ಅಂತ ನನಗೆ ಗೊತ್ತಾಗಬೇಕು ಅಂತಿದ್ದೆ. ಗಟ್ಟಿ ಗೋಡೆ, ಗಟ್ಟಿ ಚಿಲಕ, ಒಳಗೆ ಕನ್ನಡಿ ಇದ್ದರೆ ಪಕ್ಕದಲ್ಲಿ ಯಾರಿದ್ದರೂ ನನಗೆ ಚಿಂತೆ ಕಡಿಮೆ. ಪರದೆ ಮಾತ್ರ ಇದ್ದರೆ ನಾನು ಒಪ್ಪುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬಾಗಿಲು ಮಾಡಿಸುವ ಮೊದಲೇ ಬೋರ್ಡ್ ತೆಗೆದುಬಿಟ್ಟರೆ, ನಷ್ಟ ಆಗುವುದು ನನ್ನ ಮಗಳಿಗೆ, ಉಳಿತಾಯ ಆಗುವುದು ಅಂಗಡಿಗೆ.

ಟೋಕನ್ ಕೊಡುವವಳು

ಅಕ್ಕ, ಇದನ್ನೇ ನಾನು ಹಿಡಿದುಕೊಂಡೆ. ನಿನ್ನೆ ಪುಟ ಬರೆದು ಕೊಟ್ಟೆ. ಏನು ಬರೆದೆ ಅಂತ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಯಾರನ್ನೂ ಗಂಡಾ ಹೆಣ್ಣಾ ಅಂತ ಕೇಳುವಂತಿಲ್ಲ. ಯಾವ ಕಡೆ ಹೋಗುತ್ತೀರಿ ಅಂತಲೂ ಕೇಳುವುದಿಲ್ಲ, "ಎಷ್ಟು ಪೀಸ್?" ಅಂತ ಮಾತ್ರ ಕೇಳಿ ಟೋಕನ್ ಕೊಡುವುದು. ತಡೆಯುವುದು ನಡತೆ ನೋಡಿ. ಇಣುಕುವುದು, ಫೋನ್ ಎತ್ತುವುದು, ಬಟ್ಟೆಯೇ ಇಲ್ಲದೆ ಓಣಿಯಲ್ಲಿ ಸುತ್ತುವುದು, ಬೇರೆಯವರ ಬಾಗಿಲು ತಟ್ಟುವುದು. ಇದನ್ನು ಯಾರೇ ಮಾಡಲಿ, ಹುಟ್ಟಿನಿಂದ ಹೆಂಗಸೇ ಆಗಿರಲಿ, ತಕ್ಷಣ ಹೊರಗೆ ಕಳಿಸಿ ಫ್ಲೋರ್ ನೋಡಿಕೊಳ್ಳುವವರನ್ನು ಕರೆಯಬೇಕು. ಅಮ್ಮನವರ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. ಕೆಟ್ಟ ಉದ್ದೇಶದವನು ಏನು ಹೇಳಿಕೊಂಡ ಅನ್ನುವುದರಿಂದ ಅವನಿಗೆ ಯಾವ ರಕ್ಷಣೆಯೂ ಸಿಗಬಾರದು.

ಪರದೆಗಳನ್ನು ತೆಗೆದು ಬಾಗಿಲು ಮಾಡಿಸಬೇಕು ಅಂತ ಬರೆದೆ, ಬಡಗಿ ಅಣ್ಣ ಹೇಳಿದ್ದನ್ನೆಲ್ಲ ಸೇರಿಸಿ. ಬಾಗಿಲು ಆಗುವವರೆಗೆ ದೊಡ್ಡ ರೂಮನ್ನು ವೀಲ್‌ಚೇರ್‌ನವರಿಗೆ ಮೊದಲು, ಆಮೇಲೆ ಕೇಳಿದ ಯಾರಿಗಾದರೂ ಕಾರಣ ಕೇಳದೆ ಕೊಡಬೇಕು. ಕಿಟಕಿ ಪಕ್ಕದ ಸೀಟು ಅವರೂ ಕೇಳಬಹುದು, ನೀಲಿ ದುಪಟ್ಟಾ ಅವರೂ ಕೇಳಬಹುದು. ಕಾರಣ ಹೇಳಬೇಕಾಗಿಲ್ಲ.

ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಳ ಉಡುಪಿನ ವಿಭಾಗದಲ್ಲಿ ನಮ್ಮವರೇ ಟೇಪ್ ಹಿಡಿದು ಎದೆಯ ಅಳತೆ ತೆಗೆಯುತ್ತಾರೆ. ಅಲ್ಲಿ ಗೋಡೆ ಬಾಗಿಲು ಉತ್ತರ ಆಗುವುದಿಲ್ಲ, ಮೈ ಮುಟ್ಟುವ ಕೆಲಸ. ಗ್ರಾಹಕರಿಗೆ ಯಾರು ಅಳತೆ ತೆಗೆಯಬೇಕು ಅಂತ ಹೇಳುವ ಹಕ್ಕಿರಬೇಕು, ಅದು ಸರಿ. ಅಳತೆ ತೆಗೆಯುವ ಹುಡುಗಿಗೂ ನನ್ನಿಂದ ಆಗುವುದಿಲ್ಲ ಅನ್ನುವ ಹಕ್ಕು ಬೇಕಾ? ಬೇಕು ಅಂದರೆ, ಆ ಮಾತನ್ನು ಗ್ರಾಹಕರ ಮುಖಕ್ಕೆ ಹೇಳದೆ ಹೇಗೆ ನಡೆಸುವುದು? ಈ ಜಾಗ ಖಾಲಿ ಬಿಟ್ಟು ಕೊಟ್ಟಿದ್ದೇನೆ.

ನೀಲಿ ದುಪಟ್ಟಾ

ಅಲ್ಲಿ ನನ್ನನ್ನು ಬಲವಂತದಿಂದ ಯಾರೂ ಮುಟ್ಟುವುದು ಬೇಡ. ಮನಸ್ಸಿಲ್ಲದ ಕೈ ಗೊತ್ತಾಗುತ್ತದೆ. ಟೇಪ್ ಕೊಟ್ಟು, ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತ ಒಂದು ಚಿತ್ರ ಒಳಗೆ ಅಂಟಿಸಿಡಿ. ನಾನೇ ಅಳೆದುಕೊಳ್ಳುತ್ತೇನೆ. ಬೇರೆ ಹೆಂಗಸರಲ್ಲೂ ಎಷ್ಟೋ ಜನ ಅದನ್ನೇ ಬಯಸುತ್ತಾರೆ.

ಸಣ್ಣ ಕೂದಲು

ನಾನೂ ಅದನ್ನೇ ಬಯಸುತ್ತೇನೆ. ಒಂದು ಕಡೆ ಏನೂ ಇಲ್ಲದವರಿಗೆ ಹೇಗೆ ಅಳೆಯಬೇಕು ಅಂತಲೂ ಆ ಚಿತ್ರದ ಪಕ್ಕ ಎರಡು ಸಾಲು ಬರೆಯಿರಿ, ಯಾರನ್ನೂ ಕೇಳದೆ ತಿಳಿಯುತ್ತದೆ.

ಟೋಕನ್ ಕೊಡುವವಳು

ಎರಡನ್ನೂ ಬರೆದುಕೊಂಡೆ. ಮ್ಯಾನೇಜರ್ ಬಾಗಿಲಿನ ಖರ್ಚು ಕೇಳಿದ್ದಾರೆ. ಎಲ್ಲ ಒಟ್ಟಿಗೆ ಆಗುವುದಿಲ್ಲ, ಮೊದಲು ನಾಲ್ಕು ಮಾಡಿಸೋಣ ಅಂದರು. ಬಡಗಿ ಅಣ್ಣ, ನಾಲ್ಕೇ ಆದರೆ ಯಾವುದರಿಂದ ಶುರು ಮಾಡಲಿ?

ಉಳಿ ಮತ್ತು ರಂಪ

ಓಣಿಯ ಕೊನೆಯ ನಾಲ್ಕರಿಂದ ಬೇಡ. ಕೊನೆಯಲ್ಲಿ ಮಾಡಿದರೆ ಅವು "ಬೇರೆಯವರ" ರೂಮ್ ಆಗಿಬಿಡುತ್ತವೆ. ಟೋಕನ್ ಮೇಜಿನ ಪಕ್ಕದ ಮೊದಲ ನಾಲ್ಕು ಮಾಡಿಸಿ. ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ.